ಡೀಸೆಲ್ ಎಂಜಿನ್ನೋ, ಸೋಲಾರ್ ಪಂಪೋ?

ಜೇವರ್ಗಿ ಕಡೆ ಭೀಮಾ ದಂಡೆಯಲ್ಲಿ ಹೊಲ ಇದ್ದರೆ ಡೀಸೆಲ್ ಎಂಜಿನ್ ಬಿಡಬೇಡಿ. ಪ್ರವಾಹ ಬಂದರೆ ಎತ್ತಿಕೊಂಡು ಹೋಗಬಹುದು. 2020ರ ಅಕ್ಟೋಬರ್ ನೆನಪಿದೆ, ಅಲ್ವಾ? ಬರೀ ತೊಗರಿ ಬೆಳೆಯುವವರಿಗೂ ಅದೇ ಸಾಕು. ಹೂ ಬಿಡುವಾಗ, ಕಾಯಿ ಕಟ್ಟುವಾಗ ಒಂದೆರಡು ಸಲ ನೀರು ಕೊಡುವುದಕ್ಕೆ ಸೋಲಾರ್ ಯಾಕೆ? ಉಳಿದ ದಿನ ಸುಮ್ನೆ ನಿಂತಿರುತ್ತದೆ.

ಆದರೆ ಡೀಸೆಲ್ ದರ ನಮ್ಮ ಕೈಯಲ್ಲಿಲ್ಲ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕಿಂತ ಜಾಸ್ತಿ ಹೊರಗಿನದು. 1974ರಲ್ಲಿ ಮುಂಬೈ ಕಡೆ ಸಮುದ್ರದಲ್ಲಿ ಸಿಕ್ಕ ಬಾಂಬೆ ಹೈ ತೈಲಕ್ಷೇತ್ರ ಈಗ ಹಳೇ ಬಾವಿ. ಮಂಗಳೂರು, ಪಾದೂರು, ವಿಶಾಖಪಟ್ಟಣದ ನೆಲದಡಿ 53.3 ಲಕ್ಷ ಟನ್ ಕಚ್ಚಾತೈಲ ಇಡುವ ಜಾಗವಿದೆ ನಿಜ. ತುಂಬಿದ್ದರೂ ದೇಶಕ್ಕೆ ಸುಮಾರು ಹತ್ತು ದಿನದ ಮಾತು. ಅದು ಆಪತ್ತಿಗೆ ಇಟ್ಟ ಗಂಟು, ಬಂಕಿನ ದರ ಇಳಿಸುವುದಕ್ಕಲ್ಲ.

ಬೋರ್‌ವೆಲ್ ಇದ್ದು ತರಕಾರಿ, ಬಾಳೆ ಹಾಕುವವರು ಸೋಲಾರ್ ಕಡೆ ಹೋಗಿ. ನಮ್ಮಲ್ಲಿ ಬಿಸಿಲಿಗೇನು ಬರ? ಸೋಲಾರ್ ಪಂಪಿಗೆ ಕೇಂದ್ರ ಸರ್ಕಾರದ ಕುಸುಮ್ ಯೋಜನೆಯ ಸಬ್ಸಿಡಿ ಸಿಗುತ್ತದೋ ವಿಚಾರಿಸಿ. ಮೋಡದ ದಿನ ನೀರು ಕಮ್ಮಿ, ರಾತ್ರಿ ಇಲ್ಲವೇ ಇಲ್ಲ. ಪ್ಯಾನೆಲ್ ಮೇಲಿನ ಧೂಳು ಒರೆಸುತ್ತಿರಬೇಕು. ಪ್ಯಾನೆಲ್ ಸೆಲ್ ಮಾಡುವ ಸಾಮಗ್ರಿಯೂ ಬಹಳಷ್ಟು ಚೀನಾದ್ದೇ ಅನ್ನಿ. ಆದರೂ ಒಮ್ಮೆ ತಂದರೆ ಮುಗಿಯಿತು, ದಿನಾ ಲೀಟರ್ ಲೆಕ್ಕ ಇಲ್ಲ.