ಮರ ಉಜ್ಜುವ ಹತ್ತು ಇಂಚಿನ ಅರ: ಒಂದು ಸರ್ಫ್ ಫಿನ್ ಮಾಡಿ ನೋಡಿದ ಮೇಲೆ

ನಾನು ಹುಬ್ಬಳ್ಳಿಯಲ್ಲಿ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ, ಮಾಡಿಕೊಡುವವನು. ವಾಲ್ವ್, ಪಂಪಿನ ಕವಚ, ಇಂಥವೇ. ಸಮುದ್ರಕ್ಕೂ ನನಗೂ ಇರುವ ಸಂಬಂಧ ಗೋಕರ್ಣದಲ್ಲಿ ಕಾಲು ತೊಳೆದಷ್ಟೇ. ಆದರೆ ಅಕ್ಕನ ಮಗ ಮಂಗಳೂರಲ್ಲಿ ನೌಕರಿ ಮಾಡುತ್ತಾನೆ. ರವಿವಾರ ಬಂತೆಂದರೆ ಸಸಿಹಿತ್ಲು ಬೀಚಿನಲ್ಲಿ ಸರ್ಫಿಂಗ್. ಅವನ ಹಲಗೆಯ ಪ್ಲಾಸ್ಟಿಕ್ ಫಿನ್ ತುದಿ ಮುರಿದುಕೊಂಡಿತ್ತು. "ಮಾಮಾ, ಕಟ್ಟಿಗೀದು ಒಂದು ಮಾಡಿಕೊಡ್ರಿ" ಅಂದ.

ಫಿನ್ ಅಂದರೆ ಹಲಗೆಯ ಕೆಳಗೆ, ಹಿಂಬದಿಗೆ ಇರುವ ರೆಕ್ಕೆ. 1935ರಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕದವನು ಮೊದಲು ಹಚ್ಚಿ ನೋಡಿದನಂತೆ. ಅದಿಲ್ಲದಿದ್ದರೆ ತಿರುಗಿಸುವಾಗ ಹಲಗೆಯ ಹಿಂಭಾಗ ಜಾರಿಬಿಡುತ್ತದೆ.

ನನ್ನ ಹಳೇ ಅರದ ಹಲ್ಲು ಸವೆದು ಮೊಂಡಾಗಿತ್ತು. ಈ ಕೆಲಸದ ನೆಪದಲ್ಲಿ ದುರ್ಗದ ಬೈಲ್ ಕಡೆ ಹೋಗಿ ಹೊಸದು ತಂದೆ. ಹತ್ತು ಇಂಚು, ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು, 340 ರೂಪಾಯಿ. ಕಂಪನಿ ಹೆಸರು ಹೇಳುವುದಿಲ್ಲ, ಬಯ್ಯುವುದೂ ಇದೆ.

ಮೊದಲು ಬೈಗುಳವೇ ಆಗಲಿ. ಹಿಡಿ ಸುಮ್ನೆ ಸಿಕ್ಕಿಸಿ ಕೊಟ್ಟಿದ್ದಾರೆ. ಅರ್ಧ ತಾಸಿನಲ್ಲಿ ಕಳಚಿ ಬಂತು, ಹಿಂದಿನ ಚೂಪು ಅಂಗೈಗೆ ಚುಚ್ಚಿತು. ಅರಿಶಿನ ಒತ್ತಿಕೊಂಡು ಜಾಲಿ ಕಟ್ಟಿಗೆಯದೊಂದು ಹಿಡಿ ನಾನೇ ಮಾಡಿ ಬಡಿದೆ. ಎರಡನೆಯದು, ಹಲ್ಲುಗಳು ಮಷಿನ್ನಿನಲ್ಲಿ ಹೊಡೆದವು, ಸಾಲಾಗಿ ನಿಂತಿವೆ. ನೇರ ಉಜ್ಜಿದರೆ ನೇಗಿಲ ಸಾಲಿನ ಹಾಗೆ ಗೀರು ಬೀಳುತ್ತದೆ. ಓರೆ ಹಿಡಿದು, ಪ್ರತಿ ಸಲ ಕೋನ ಬದಲಿಸುತ್ತಾ ಹೋದರೆ ಬೀಳುವುದಿಲ್ಲ.

ಇಷ್ಟಾದರೂ ಇಂಥ ಅರವನ್ನೇ ಕೊಳ್ಳಿ ಅನ್ನುತ್ತೇನೆ. ಯಾಕೆಂದರೆ ಮೊದಲ ಫಿನ್ ನಾನು ಗ್ರೈಂಡರಿನಲ್ಲಿ ಕೆಡಿಸಿದ್ದೆ. ನಾಲ್ಕು ಇಂಚಿನ ಗ್ರೈಂಡರಿಗೆ 80 ನಂಬರಿನ ಫ್ಲಾಪ್ ಡಿಸ್ಕ್, ಅಂದರೆ ಎಮರಿ ಬಟ್ಟೆಯ ಪಟ್ಟಿ ಜೋಡಿಸಿದ ಚಕ್ರ. ನನ್ನದು ನಿಮಿಷಕ್ಕೆ 11,000 ಸುತ್ತು, ವೇಗ ಕಡಿಮೆ ಮಾಡುವ ಗುಂಡಿ ಇಲ್ಲ. ಬುಡದ ಕಡೆ ಬೆಣ್ಣೆಯಂತೆ ತೆಗೆಯಿತು. ತುದಿಗೆ ಬಂದೆ ನೋಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ತುತ್ತು ಕಚ್ಚಿಕೊಂಡು ಹೋಯಿತು. ತೆಳು ತುದಿ ಅದುರುತ್ತದೆ, ಡಿಸ್ಕ್ ಒಳಗೆ ನುಗ್ಗುತ್ತದೆ. ಪಕ್ಕದ ವೆಲ್ಡಿಂಗಿನವರು ಇಣುಕಿ "ಏನ್ರೀ ಇದು, ಕೊಡ್ಲಿ ಮಾಡಾಕತ್ತೀರೇನು?" ಅಂದರು. ಹಾಗೇ ಕಾಣುತ್ತಿತ್ತು.

ಎರಡನೇ ಫಿನ್ ಪೂರ್ತಿ ಅರದಲ್ಲೇ. 12 ಮಿಲಿಮೀಟರ್ ಮರೀನ್ ಪ್ಲೈ (ನೀರು ತಾಳುವ ಪ್ಲೈವುಡ್), ನನಗೆ ಸಿಕ್ಕಿದ್ದರಲ್ಲಿ ಒಂಬತ್ತು ಪದರ. ಪ್ಲೈ ತಗೊಳ್ಳಲು ಗಟ್ಟಿತನ ಒಂದು ಕಾರಣ, ಗೆರೆಗಳು ಇನ್ನೊಂದು. ಉಜ್ಜುತ್ತಾ ಹೋದಂತೆ ಒಂದೊಂದೇ ಪದರ ಬಿಚ್ಚಿಕೊಂಡು, ಕಂದು ಅಂಟಿನ ಗೆರೆಗಳು ಒಂದರೊಳಗೊಂದು ಕಮಾನಿನ ಹಾಗೆ ಮೂಡುತ್ತವೆ. ಇಳಿಜಾರು ಹೊಲಕ್ಕೆ ಹಾಕಿದ ಬದುಗಳಿದ್ದಂತೆ. ಗೆರೆ ದೂರ ದೂರ ಇದ್ದರೆ ಇಳಿಜಾರು ಕಡಿಮೆ, ಒತ್ತೊತ್ತಾಗಿದ್ದರೆ ಕಡಿದು. ಎಲ್ಲಾದರೂ ಗೆರೆ ಸೊಟ್ಟಗಾದರೆ ಅಲ್ಲೊಂದು ಉಬ್ಬು ಅಥವಾ ತಗ್ಗು ಇದೆ ಅಂತಲೇ ಅರ್ಥ. ಕೈಗೆ ಗೊತ್ತಾಗದ್ದು ಕಣ್ಣಿಗೆ ಕಾಣುತ್ತದೆ. ಒಂಬತ್ತರಲ್ಲಿ ಐದನೇ ಪದರವೇ ನಡುಗೆರೆ, ಬೇರೆ ಗುರುತು ಬೇಕಿಲ್ಲ. ಗ್ರೈಂಡರ್ ಓಡುವಾಗ ಇದನ್ನೆಲ್ಲ ಯಾರು ನೋಡುತ್ತಾ ಕೂಡುತ್ತಾರೆ, ಅಲ್ವಾ?

ಒಂಟಿ ಫಿನ್ನಿಗೆ ಎರಡೂ ಬದಿ ಒಂದೇ ಸಮ ಉಬ್ಬು ಬೇಕು. ಮುಂದಿನ ಅಂಚು ಮೊಟ್ಟೆಯ ಮೂತಿಯಂತೆ ದುಂಡಗೆ. ಅಲ್ಲಿಂದ ಅಗಲದ ಮೂರನೇ ಒಂದು ಪಾಲಿನ ಹತ್ತಿರ ಜಾಸ್ತಿ ದಪ್ಪ. ಆಮೇಲೆ ಹಿಂದಿನ ಅಂಚಿಗೆ ತೆಳ್ಳಗೆ ಇಳಿಯಬೇಕು. ಹಿಂದಿನ ಅಂಚು ಒಳಕ್ಕೆ ಬಾಗುವ ಕಡೆಗೆ ಅರದ ಉಬ್ಬು ಬದಿ ಸರಿಯಾಗಿ ಕೂಡುತ್ತದೆ. ಪ್ಲೈ ಅಂಟು ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಮೊದಲೇ ಸೀಮೆಸುಣ್ಣ ತಿಕ್ಕಿ, ಆಗಾಗ ತಂತಿ ಬ್ರಷ್ ಆಡಿಸಿ.

ಆಮೇಲೆ ಗ್ಲಾಸ್ ಬಟ್ಟೆ (ಗಾಜಿನ ನೂಲಿನದು), ಅದನ್ನು ಹಚ್ಚಲು ಎಪಾಕ್ಸಿ ಅಂಟು. ಬದಿಗೆ ಮೂರು ಪದರ. ಒಣಗಿದ ಮೇಲೆ ಅರ ಮುಟ್ಟಿಸಬೇಡಿ, ಗಾಜು ಹಲ್ಲನ್ನು ತಿಂದುಹಾಕುತ್ತದೆ. ಸುತ್ತ ಹೊರಚಾಚಿದ ಬಟ್ಟೆ ಕತ್ತರಿಸಲು ಮಾತ್ರ ಗ್ರೈಂಡರೇ ಒಳ್ಳೆಯದು. ತುಂಬು ತೋಳಿನ ಅಂಗಿ, ಮಾಸ್ಕ್ ಇರಲಿ. ನಾನು ಬನಿಯನ್ನಿನಲ್ಲಿ ನಿಂತು ಎರಡು ದಿನ ತುರಿಸಿಕೊಂಡೆ.

ಒಂದು ಎಡವಟ್ಟೂ ಆಯಿತು. ಹಲಗೆಯ ಸೀಳಿಗೆ ಕೂಡುವ ಬುಡವನ್ನು ಹಳೇ ಫಿನ್ನಿನ ಅಳತೆಗೇ ಸರಿಯಾಗಿ ಇಳಿಸಿದ್ದೆ. ಬಟ್ಟೆಯ ದಪ್ಪ ಲೆಕ್ಕಕ್ಕೇ ಹಿಡಿಯಲಿಲ್ಲ. ಎರಡೂ ಬದಿ ಸೇರಿ ಹತ್ತಿರ ಒಂದೂವರೆ ಮಿಲಿಮೀಟರ್ ಜಾಸ್ತಿ. ಎರಕದ ಕಬ್ಬಿಣ ನೂರಕ್ಕೆ ಒಂದು ಪಾಲು ಕುಗ್ಗುತ್ತದೆ ಅಂತ ದಿನಾ ಪ್ಯಾಟರ್ನ್ ದೊಡ್ಡದು ಮಾಡುವವನು ಇಷ್ಟು ಮರೆತೆ. ಬುಡದ ಬಟ್ಟೆಯನ್ನೆಲ್ಲ ಎಮರಿ ಪೇಪರಿನಲ್ಲಿ ತಿಕ್ಕಿ ತೆಗೆದು, ಒಂದೇ ಪದರ ಮತ್ತೆ ಹಚ್ಚಿದೆ.

ಬಸ್ಸಿಗೆ ಹಾಕಿ ಕಳಿಸಿದ ಮುಂದಿನ ರವಿವಾರ ಫೋನ್ ಬಂತು. "ಮಾಮಾ, ಮಸ್ತ್ ತಿರುಗತೈತಿ. ಆದ್ರ ಜೋರು ಹೋದಾಗ ಗುಂಯ್ ಅಂತೈತ್ರಿ." ಹಿಂದಿನ ಅಂಚು ಎಲ್ಲೋ ಒಂದು ಕಡೆ ದಪ್ಪ ಉಳಿದರೆ ನೀರು ಬಿಡುವಾಗ ಹೀಗೆ ಹಾಡುತ್ತದೆ. "ಗೆರಿ ಎಲ್ಲಿ ಸೊಟ್ಟ ಐತಿ ನೋಡು, ಅಲ್ಲಿ 220ರ ಪೇಪರ್ ತಗೊಂಡು ತಿಕ್ಕು" ಅಂದೆ. ಸಂಜೆಗೆ ಫೋಟೋ ಕಳಿಸಿದ. ತುದಿಯಿಂದ ಮೂರು ಬೆರಳು ಕೆಳಗೆ, ಎಡಬದಿ. ಹಿಡಿ ಕಳಚಿದಾಗ ನಾನು ಕೆಲಸ ಬಿಟ್ಟೆದ್ದ ಜಾಗ ಅದೇ.