ರಿಯಾಯಿತಿ ಅಸಲಿಯಾ? ಗ್ರಾಫ್, ನೋಟ್‌ಬುಕ್, ಮಾಡೆಲ್ ನಂಬರ್ ಮೂರನ್ನೂ ಹಚ್ಚಿ ನೋಡಿದೆ

ಒಂದು ಹೆಡ್‌ಫೋನ್ ಎರಡು ತಿಂಗಳಿಂದ ನನ್ನ ಕಾರ್ಟ್‌ನಲ್ಲಿ ಕೂತಿತ್ತು. ಸೇಲ್ ಶುರುವಾದ ದಿನ ಅದರ ಪಕ್ಕ ಕೆಂಪಕ್ಷರದಲ್ಲಿ '50% ಆಫ್' ಎಂದು ಬಂತು. ಆದರೆ ನಾನು ಕೊಡಬೇಕಾದ ಹಣ ಹಿಂದಿನ ವಾರದಷ್ಟೇ ಇತ್ತು. ಅಡ್ಡಗೆರೆ ಎಳೆದ ಹಳೇ ಬೆಲೆಯನ್ನು ಮಾತ್ರ ಏರಿಸಿ ಬರೆದಿದ್ದರು. ಸೇಲ್ ಬರಲಿ ಅಂತಲೇ ಕಾದಿದ್ದೆ, ತುಂಬಾ ಬೇಜಾರಾಯಿತು. ಆಮೇಲೆ ರಿಯಾಯಿತಿಯನ್ನು ಅಳೆಯುವ ಮೂರು ದಾರಿಗಳನ್ನು ಆರು ವಸ್ತುಗಳ ಮೇಲೆ ಹಚ್ಚಿ ನೋಡಿದೆ.

ಎಲ್ಲಕ್ಕಿಂತ ಬೇಗ ಉತ್ತರ ಕೊಡುವುದು ಬೆಲೆಯ ಗ್ರಾಫ್. ಅಮೆಜಾನ್‌ನಲ್ಲಿರುವ ವಸ್ತುಗಳಿಗೆ ಕೀಪಾ, ಕ್ಯಾಮಲ್‌ಕ್ಯಾಮಲ್‌ಕ್ಯಾಮಲ್ ಎಂಬ ಸೈಟ್‌ಗಳಿವೆ. ವಸ್ತುವಿನ ಲಿಂಕ್ ಹಾಕಿದರೆ ಹಿಂದಿನ ಬೆಲೆಗಳೆಲ್ಲ ಗೆರೆಯಾಗಿ ಬರುತ್ತವೆ. ಮೊದಮೊದಲು ನಾನು ಅತೀ ಕಡಿಮೆ ಬೆಲೆ ಎಷ್ಟಿತ್ತು ಅಂತ ಹುಡುಕುತ್ತಿದ್ದೆ. ಅದು ಒಂದೇ ದಿನ ಇದ್ದ ಬೆಲೆಯೂ ಆಗಿರಬಹುದು. ವರ್ಷದ ಬಹುಪಾಲು ಗೆರೆ ಎಲ್ಲಿ ಕೂತಿದೆ ಅನ್ನೋದನ್ನು ನೋಡಬೇಕು. ನಾನು ನೋಡಿದ ಶೂ ಒಂದರ ಗೆರೆ ಎಂಟು ತಿಂಗಳು ಒಂದೇ ಮಟ್ಟದಲ್ಲಿತ್ತು. ಸೇಲ್‌ಗೆ ಮೂರು ವಾರ ಮುಂಚೆ ಮೇಲಕ್ಕೆದ್ದು, ಸೇಲ್ ದಿನ ಮತ್ತೆ ಹಳೇ ಜಾಗಕ್ಕೇ ಇಳಿದಿತ್ತು. ಅದನ್ನೇ ದೊಡ್ಡ ಇಳಿಕೆ ಅಂತ ತೋರಿಸಿದ್ದರು.

ಯುರೋಪಿಯನ್ ಒಕ್ಕೂಟದಲ್ಲಿ 2022ರ ಮೇ 28ರಿಂದ ಇದಕ್ಕೊಂದು ನಿಯಮವಿದೆ. ಬೆಲೆ ಇಳಿಸಿದ್ದೇವೆ ಎಂದು ಸಾರುವವರು ಸಾಮಾನ್ಯವಾಗಿ ಅದಕ್ಕೂ ಮುಂಚಿನ 30 ದಿನಗಳಲ್ಲಿ ಇದ್ದ ಅತೀ ಕಡಿಮೆ ಬೆಲೆಯನ್ನು ತೋರಿಸಬೇಕು. ನನ್ನ ಶೂ ಆಟ ಅಲ್ಲಿ ನಡೆಯುತ್ತಿರಲಿಲ್ಲ. ಆದರೆ ಐದಾರು ವಾರ ಬೆಲೆ ಏರಿಸಿಟ್ಟರೆ ಆ ನಿಯಮಕ್ಕೂ ಸಿಗುವುದಿಲ್ಲ, ಅಲ್ವಾ? ಅದಕ್ಕೇ ನಾನು ಇಡೀ ವರ್ಷದ ಗೆರೆ ನೋಡುತ್ತೇನೆ. ಗ್ರಾಫ್‌ಗೂ ಮಿತಿ ಇದೆ. ಹೊಸದಾಗಿ ಬಂದ ವಸ್ತುವಿಗೆ ಹಳೇ ಗೆರೆಯೇ ಇರುವುದಿಲ್ಲ.

ನೋಟ್‌ಬುಕ್ ನಿಧಾನ. ಆದರೂ ನನಗೆ ಅದೇ ಹೆಚ್ಚು ಇಷ್ಟ. ಒಂದು ಪುಟ, ಮೂರೇ ಕಾಲಮ್: ತಾರೀಕು, ಅಂಗಡಿ, ಕಡೆಗೆ ಕೈಯಿಂದ ಹೋಗುವ ಹಣ. ಹಣ ಕಟ್ಟುವ ಪುಟದವರೆಗೂ ಹೋಗಿ, ಕೂಪನ್ ಕಳೆದು, ಡೆಲಿವರಿ ಶುಲ್ಕ ಸೇರಿಸಿ ಬರೆಯುತ್ತೇನೆ. ಹಾಗೆ ಬರೆದಾಗಲೇ ಒಂದು ವ್ಯಾಕ್ಯೂಮ್ ಕ್ಲೀನರ್ ಕಥೆ ಗೊತ್ತಾಗಿದ್ದು. '40% ಆಫ್' ಅಂದ ಅಂಗಡಿಗಿಂತ, ಏನೂ ಆಫ್ ಇಲ್ಲದ ಅಂಗಡಿಯಲ್ಲೇ ಅದು ಅಗ್ಗ ಇತ್ತು. ಲೆಕ್ಕವೂ ಕಣ್ಣೆದುರಿಗೆ ಬರುತ್ತದೆ. ಬ್ಯಾಗ್ ಒಂದಕ್ಕೆ '50% ಮೇಲೆ ಇನ್ನೂ 20%' ಇತ್ತು. ಓದಿದರೆ 70 ಅನ್ನಿಸುತ್ತದೆ. 100ರಲ್ಲಿ ಅರ್ಧ ಹೋದರೆ 50, ಆ 50ರಲ್ಲಿ 20% ಅಂದರೆ 10. ಉಳಿದದ್ದು 40, ಅಂದರೆ ರಿಯಾಯಿತಿ 60%.

ನೋಟ್‌ಬುಕ್‌ನಿಂದ ಇನ್ನೊಂದು ಉಪಕಾರವೂ ಇದೆ. ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1974ರ ಲೇಖನದಲ್ಲಿ ಒಂದು ಪ್ರಯೋಗ ಹೇಳಿದ್ದರು. ಜನರ ಮುಂದೆ ಸಂಖ್ಯೆಗಳ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಕೇಳಿದರು. ಚಕ್ರದಲ್ಲಿ 10 ಕಂಡ ಗುಂಪಿನ ಊಹೆ 25ರ ಆಸುಪಾಸಿನಲ್ಲಿತ್ತು, 65 ಕಂಡ ಗುಂಪಿನದು 45ರಲ್ಲಿ. ಸಂಬಂಧವೇ ಇಲ್ಲದ ಸಂಖ್ಯೆಯೂ ಮನಸ್ಸನ್ನು ತನ್ನ ಕಡೆ ಎಳೆಯುತ್ತದೆ. ಅಡ್ಡಗೆರೆ ಎಳೆದ ಬೆಲೆ ಮಾಡುವುದೂ ಇದನ್ನೇ. ನನ್ನದೇ ಕೈಬರಹದ ಸಂಖ್ಯೆ ಪಕ್ಕದಲ್ಲಿದ್ದಾಗ ಆ ಎಳೆತ ಎಷ್ಟೋ ಕಮ್ಮಿ ಆಯಿತು. ಆದರೆ ನಾಳೆಯೇ ಬೇಕಾದ ವಸ್ತುವಿಗೆ ಈ ದಾರಿ ಆಗಿಬರುವುದಿಲ್ಲ. ವಾರಗಟ್ಟಲೆ ಬರೆಯಬೇಕು.

ಮೂರನೆಯದು ಮಾಡೆಲ್ ನಂಬರ್. ಎರಡು ನಿಮಿಷದ ಕೆಲಸ. ಪೂರ್ತಿ ನಂಬರ್ ಕಾಪಿ ಮಾಡಿ ಬೇರೆ ಅಂಗಡಿಗಳಲ್ಲಿ, ತಯಾರಕರ ಸೈಟ್‌ನಲ್ಲಿ ಹುಡುಕುವುದು. ನಾನು ಕಣ್ಣಿಟ್ಟಿದ್ದ ಮಾನಿಟರ್ ಅರ್ಧ ಬೆಲೆಗೆ ಬಂದಾಗ ಹೆಸರು ಅದೇ ಇತ್ತು, ನಂಬರ್‌ನ ಕೊನೆಯ ಎರಡು ಅಕ್ಷರ ಬೇರೆ. ವಿವರ ತೆರೆದರೆ ಎತ್ತರ ಹೊಂದಿಸುವ ಸ್ಟ್ಯಾಂಡ್ ಇಲ್ಲ, ಯುಎಸ್‌ಬಿ ಪೋರ್ಟ್ ಇಲ್ಲ. ಅಡ್ಡಗೆರೆ ಬೆಲೆ ಮಾತ್ರ ಒಳ್ಳೇ ಮಾನಿಟರ್‌ದು. ಇದು ಗ್ರಾಫ್‌ನಲ್ಲೂ ಸಿಗುತ್ತಿರಲಿಲ್ಲ, ನೋಟ್‌ಬುಕ್‌ನಲ್ಲೂ ಸಿಗುತ್ತಿರಲಿಲ್ಲ.

ಈಗ ಅವಸರದ ವಸ್ತುವಿಗೆ ಗ್ರಾಫ್, ಎಲೆಕ್ಟ್ರಾನಿಕ್ಸ್‌ಗೆ ತಪ್ಪದೇ ಮಾಡೆಲ್ ನಂಬರ್, ದೊಡ್ಡ ಖರ್ಚಿಗೆ ನೋಟ್‌ಬುಕ್. ಆರರಲ್ಲಿ ಬ್ಯಾಗ್ ಮತ್ತು ಒಂದು ಮೇಜಿನ ದೀಪ, ಇವೆರಡರ ಸೇಲ್ ಬೆಲೆ ಮಾತ್ರ ಅಸಲಿ ಇಳಿಕೆ. ಆ ಹೆಡ್‌ಫೋನನ್ನೂ ಕೊಂಡೆ. ಯಾವ ಸೇಲೂ ಇಲ್ಲದ ಒಂದು ಮಂಗಳವಾರ, ಪುಟದಲ್ಲಿದ್ದ ಎಲ್ಲ ಸಾಲುಗಳಿಗಿಂತ ಕಡಿಮೆಗೆ ಸಿಕ್ಕಿತು.