ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಕನ್ನಡ: ಬರೆಯುವುದಕ್ಕಿಂತ ರಿಪೇರಿಗೇ ಜಾಸ್ತಿ ಉಪಯೋಗ

ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ (ಸಾದಾ ಟೆಕ್ಸ್ಟ್ ಫೈಲ್ ಬರೆಯುವ, ತಿದ್ದುವ ಎಡಿಟರ್ ಇದು) ದಿನವಿಡೀ ಕನ್ನಡ ಬರೆಯಬಹುದಾ? ಬರೆಯಬಹುದು, ಆದರೆ ಖುಷಿಯಾಗುವುದಿಲ್ಲ. ಇನ್ನೊಬ್ಬರು ಕಳಿಸಿದ ಕನ್ನಡ ಫೈಲ್ ಯಾಕೆ ಎಡವಟ್ಟಾಗಿದೆ ಅಂತ ಪತ್ತೆ ಮಾಡುವುದಿದ್ದರೆ ಮಾತ್ರ ನಾನು ಮೊದಲು ತೆರೆಯುವುದು ಇದನ್ನೇ.

ನಾನಿರುವುದು ತೀರ್ಥಹಳ್ಳಿ. ಅಡಿಕೆ ಬೆಳೆಗಾರರ ಒಂದು ಸಣ್ಣ ಗುಂಪಿಗೆ ಧಾರಣೆ ಪಟ್ಟಿ, ಸಭೆಯ ನೋಟಿಸು, ಸದಸ್ಯರ ಹೆಸರುಗಳು, ಹೀಗೆ ಎಲ್ಲವನ್ನೂ ಟೈಪ್ ಮಾಡಿ ಇಡುತ್ತೇನೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆ, ಪಕ್ಕದಲ್ಲಿ ₹ ಹಾಕಿ ರೇಟು, ಅಷ್ಟೇ. ಕಷ್ಟ ಎಲ್ಲಿ ಅಂದರೆ ಒಬ್ಬರು ಹಳೇ ‘ನುಡಿ’ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ, ಇನ್ನೊಬ್ಬರು ‘ಬರಹ’ ಸಾಫ್ಟ್‌ವೇರ್‌ನಲ್ಲಿ, ಮತ್ತೊಬ್ಬರು ಮೊಬೈಲಿನಲ್ಲಿ ಒತ್ತಿ ವಾಟ್ಸಾಪಿಗೆ ಹಾಕುತ್ತಾರೆ, ಎಲ್ಲ ಸೇರಿಸಿ ಒಂದು ಫೈಲ್ ಮಾಡಿ ಪ್ರಿಂಟ್ ಅಂಗಡಿಗೆ ಕಳಿಸಿದರೆ ಅಲ್ಲಿಂದ ಫೋನು: "ಎಂತ ಮಾರಾಯ್ರೆ ಇದು, ಅರ್ಧ ಕನ್ನಡ, ಅರ್ಧ ಬರೀ ಡಬ್ಬಿ!"

ಸಾಫ್ಟ್‌ವೇರ್ ಬಗ್ಗೆ ಗೊತ್ತಿಲ್ಲದವರಿಗೆ: 2003ರಲ್ಲಿ ಡಾನ್ ಹೋ ಎಂಬವರು ಶುರು ಮಾಡಿದ್ದು, ಪೂರ್ತಿ ಉಚಿತ, ವಿಂಡೋಸ್‌ಗೆ ಮಾತ್ರ. ಡೌನ್‌ಲೋಡ್ 10 ಎಂಬಿಯೂ ಇಲ್ಲ, ಹಾಗಾಗಿ ನಮ್ಮ ಕಡೆಯ ನೆಟ್‌ವರ್ಕಿನಲ್ಲೂ ಇಳಿಯುತ್ತದೆ. ಸೇವ್ ಮಾಡದ ಫೈಲನ್ನೂ ತಾನಾಗಿಯೇ 7 ಸೆಕೆಂಡಿಗೊಮ್ಮೆ ಬ್ಯಾಕಪ್ ತೆಗೆದಿಡುತ್ತದೆ. ಆಷಾಢದ ಮಳೆಗೆ ಮರ ಬಿದ್ದು ಕರೆಂಟು ಹೋದರೂ ಮತ್ತೆ ತೆರೆದಾಗ ಬರೆದದ್ದು ಅಲ್ಲೇ ಇರುತ್ತದೆ. ಯುಪಿಎಸ್ ಇಲ್ಲದವರಿಗೆ ಇದೊಂದೇ ಸಾಕು ಇಟ್ಟುಕೊಳ್ಳುವುದಕ್ಕೆ.

ಈಗ ಅಸಲು ವಿಷಯ. ಕನ್ನಡ ಸರಿಯಾಗಿ ಕಾಣುತ್ತಿಲ್ಲ ಅಂದ ತಕ್ಷಣ ಎಲ್ಲರೂ ಫಾಂಟ್ ಬದಲಾಯಿಸುತ್ತಾರೆ. ಮೊದಲು ನೋಡಬೇಕಾದದ್ದು ಕಿಟಕಿಯ ಕೆಳಗೆ, ಬಲಗಡೆಯ ಮೂಲೆ. ಫೈಲ್ ಯಾವ ಎನ್ಕೋಡಿಂಗ್‌ನಲ್ಲಿ ತೆರೆದಿದೆ ಅಂತ ಅಲ್ಲಿ ಬರೆದಿರುತ್ತದೆ: ಯುಟಿಎಫ್-8 ಅಥವಾ ಆನ್ಸಿ. ಎನ್ಕೋಡಿಂಗ್ ಅಂದರೆ ಅಕ್ಷರಗಳನ್ನು ಕಂಪ್ಯೂಟರ್ ಬೈಟ್ ಲೆಕ್ಕದಲ್ಲಿ ಬರೆದಿಡುವ ಪದ್ಧತಿ; ಯುಟಿಎಫ್-8 ಎಲ್ಲ ಭಾಷೆಗಳಿಗೂ ಜಾಗ ಇರುವ ಯುನಿಕೋಡ್‌ನದ್ದು, ಆನ್ಸಿ ಹಳೇದು. ಸಾಲು ಸಾಲಿಗೂ ತಲೆ ಮೇಲೆ ಓರೆ ಗೆರೆ ಹೊತ್ತ ಸಣ್ಣ ಇಂಗ್ಲಿಷ್ ಎ, ಅದರ ಪಕ್ಕ ಮೇಲೆ ಹತ್ತಿ ಕೂತ ಪುಟ್ಟ 2 ಅಥವಾ 3, ಇವೇ ಮತ್ತೆ ಮತ್ತೆ ಕಾಣುತ್ತಿದ್ದರೆ ಏನೂ ಹಾಳಾಗಿಲ್ಲ, ಸಮಾಧಾನವಾಗಿರಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಚಿಹ್ನೆ ಮೂರು ಬೈಟ್ ಹಿಡಿಯುತ್ತದೆ, ಆನ್ಸಿ ಅಂದುಕೊಂಡು ತೆರೆದರೆ ಆ ಮೂರನ್ನೂ ಬೇರೆ ಬೇರೆ ಅಕ್ಷರ ಅಂತ ತೋರಿಸುತ್ತದೆ. ಎನ್ಕೋಡಿಂಗ್ ಮೆನುವಿನಲ್ಲಿ ಸುಮ್ನೆ ‘ಯುಟಿಎಫ್-8’ ಒತ್ತಿ, ಕನ್ನಡ ವಾಪಸ್ ಬರುತ್ತದೆ. ಅದೇ ಮೆನುವಿನ ಕೆಳಗಿರುವ ‘ಕನ್ವರ್ಟ್ ಟು ಯುಟಿಎಫ್-8’ ಈಗ ಒತ್ತಬೇಡಿ! ಮೇಲಿನದ್ದು ಫೈಲನ್ನು ಬೇರೆ ರೀತಿ ಓದುತ್ತದೆ, ಕೆಳಗಿನದ್ದು ಫೈಲನ್ನೇ ಬದಲಾಯಿಸುತ್ತದೆ. ಹಾಳುಮೂಳಾಗಿ ಕಾಣುವಾಗ ಕನ್ವರ್ಟ್ ಮಾಡಿ ಸೇವ್ ಮಾಡಿದರೆ ಆ ಹಾಳುಮೂಳೇ ಖಾಯಂ ಆಗುತ್ತದೆ. ಇಷ್ಟು ಅಪಾಯದ ಎರಡು ಗುಂಡಿಗಳನ್ನು ಒಂದೇ ಮೆನುವಿನಲ್ಲಿ, ಹೆಚ್ಚುಕಮ್ಮಿ ಒಂದೇ ಹೆಸರಲ್ಲಿ ಇಟ್ಟಿದ್ದಾರಲ್ಲ, ಅದಕ್ಕೆ ನಾನು ಅರ್ಧ ಅಂಕ ಕಳೆಯುತ್ತೇನೆ.

ಇನ್ನೊಂದು ಬಗೆಯ ಗೋಜಲು ಇದೆ. ‘ಕನ್ನಡ’ ಅಂತ ಇರಬೇಕಾದಲ್ಲಿ ದೊಡ್ಡ ಪಿ, ಗೆರೆ ಹೊತ್ತ ದೊಡ್ಡ ಎ, ಆಮೇಲೆ ಪೌಂಡಿನ ಗುರುತು. ಇದು ಹಳೇ ನುಡಿ ಫಾಂಟಿನ ಫೈಲು. ಅದರೊಳಗೆ ಕನ್ನಡ ಅಕ್ಷರ ಇಲ್ಲವೇ ಇಲ್ಲ, ಇರುವುದು ಲ್ಯಾಟಿನ್ ಅಕ್ಷರ, ಮೇಲೆ ಕನ್ನಡದ ವೇಷ. ಎನ್ಕೋಡಿಂಗ್ ಮೆನು ಎಷ್ಟು ತಿರುವಿದರೂ ಸರಿಹೋಗುವುದಿಲ್ಲ. ಅದಕ್ಕೆ ಆಸ್ಕಿಯಿಂದ (ಇಂಥ ಹಳೇ ಫಾಂಟಿನ ಬರವಣಿಗೆಗೆ ಹೇಳುವ ಹೆಸರು) ಯುನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್ ಬೇಕು.

ಬರೀ ಪ್ರಶ್ನೆ ಚಿಹ್ನೆ ಕಂಡರೆ? ಅದು ಹೋಯಿತು ಅಂತಲೇ ಲೆಕ್ಕ. ಆನ್ಸಿಯಲ್ಲಿ ಕನ್ನಡಕ್ಕೂ ಜಾಗ ಇಲ್ಲ, ₹ಗೂ ಇಲ್ಲ. ಬರೀ ಇಂಗ್ಲಿಷ್ ಇರುವ ಹಳೇ ಫೈಲ್ ಆನ್ಸಿಯಾಗಿ ತೆರೆದು, ಅದರೊಳಗೆ ಕನ್ನಡ ಅಂಟಿಸಿದರೆ ಆಗುವುದು ಇದೇ. ಇದು ಮುಂದೆ ಆಗದ ಹಾಗೆ ಪ್ರಿಫರೆನ್ಸಸ್‌ನ ‘ನ್ಯೂ ಡಾಕ್ಯುಮೆಂಟ್’ ವಿಭಾಗದಲ್ಲಿ ಯುಟಿಎಫ್-8 ಆರಿಸಿ, ಅದರ ಪಕ್ಕದಲ್ಲೇ ಇರುವ ‘ತೆರೆದ ಆನ್ಸಿ ಫೈಲ್‌ಗಳಿಗೂ ಅನ್ವಯಿಸು’ ಎಂಬರ್ಥದ ಟಿಕ್ ಹಾಕಿಡಿ. ಎನ್ಕೋಡಿಂಗ್ ಅನ್ನು ತಾನೇ ಊಹಿಸುವ ಸೌಲಭ್ಯವೂ ಇದೆ, ಚಿಕ್ಕ ಫೈಲುಗಳಲ್ಲಿ ಅದರ ಊಹೆ ಎಲ್ಲೆಲ್ಲಿಗೋ ಹೋಗುತ್ತದೆ. ನಾನು ಆಫ್ ಮಾಡಿದ್ದೇನೆ. ಮತ್ತೆ, ಸದಸ್ಯರ ಪಟ್ಟಿಯ (ಕಾಲಂಗಳ ನಡುವೆ ಕಾಮಾ ಹಾಕಿದ) ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆಯುವವರಿದ್ದರೆ ‘ಯುಟಿಎಫ್-8-ಬಿಒಎಂ’ (ಫೈಲಿನ ತಲೆಗೆ ‘ಇದು ಯುಟಿಎಫ್-8’ ಅನ್ನುವ ಕಾಣದ ಗುರುತು ಸೇರಿದ್ದು) ಮಾಡಿ ಕೊಡಿ, ಇಲ್ಲದಿದ್ದರೆ ಅಲ್ಲಿ ಮತ್ತೆ ಪುಟ್ಟ 2, ಪುಟ್ಟ 3.

ಕೆಳಗೆ ಯುಟಿಎಫ್-8 ಅಂತಲೇ ಇದೆ, ಆದರೂ ಡಬ್ಬಿ ಬರುತ್ತಿದೆ ಅಥವಾ ಒತ್ತು ಕಳಚಿ ಬೀಳುತ್ತಿದೆ ಅಂದರೆ ಈಗ ಫಾಂಟಿಗೆ ಬನ್ನಿ. ಎಡಿಟರ್‌ನಲ್ಲಿ ಆರಿಸಿದ ಇಂಗ್ಲಿಷ್ ಫಾಂಟಿನಲ್ಲಿ ಕನ್ನಡ ಇರುವುದಿಲ್ಲ, ವಿಂಡೋಸ್ ಬೇರೆ ಫಾಂಟಿನಿಂದ ಕಡ ತರುತ್ತದೆ. ಎಕ್ಸ್‌ಪಿ ಕಾಲದಲ್ಲಿ ಆ ಫಾಂಟಿನ ಹೆಸರು ತುಂಗಾ (ನಮ್ಮ ಹೊಳೆ ಹೆಸರಿನ ಫಾಂಟು, ಹಾಗಾಗಿ ನನಗೆ ಸ್ವಲ್ಪ ಪಕ್ಷಪಾತ), ವಿಂಡೋಸ್ 8ರಿಂದ ನಿರ್ಮಲಾ ಯುಐ. ಒಂದೇ ಫೈಲ್ ಎರಡು ಕಂಪ್ಯೂಟರಿನಲ್ಲಿ ಎರಡು ಥರ ಕಾಣುವುದಕ್ಕೆ ಇದೂ ಒಂದು ಕಾರಣ. ಸ್ಟೈಲ್ ಕಾನ್ಫಿಗರೇಟರ್‌ಗೆ ಹೋಗಿ, ಗ್ಲೋಬಲ್ ಓವರ್‌ರೈಡ್‌ನಲ್ಲಿ ನಿರ್ಮಲಾ ಅಥವಾ ನೋಟೋ ಸಾನ್ಸ್ ಕನ್ನಡ ಹಾಕಿ, ಗ್ಲೋಬಲ್ ಫಾಂಟ್ ಟಿಕ್ ಮಾಡಿ. ಪ್ರಿಫರೆನ್ಸಸ್‌ನಲ್ಲಿ ‘ಡೈರೆಕ್ಟ್‌ರೈಟ್’ ಅಂತ ಒಂದು ಆಯ್ಕೆ (ಅಕ್ಷರಗಳನ್ನು ಪರದೆ ಮೇಲೆ ಬಿಡಿಸುವ ವಿಂಡೋಸ್ ವಿಧಾನ) ಇದೆ, ಅದನ್ನೂ ಆರಿಸಿಡಿ. ಬದಲಾಯಿಸಿದ ಮೇಲೆ ಎಡಿಟರ್ ಮುಚ್ಚಿ ತೆರೆಯಬೇಕು, ಇಲ್ಲದಿದ್ದರೆ ಏನೂ ಆಗಲಿಲ್ಲ ಅಂತ ತಲೆ ಕೆರೆದುಕೊಳ್ಳುತ್ತೀರಿ. ವೆಬ್ ಪುಟದ ಫೈಲಿನಲ್ಲಿ ಮಾತ್ರ ಒತ್ತು ಒಡೆಯುತ್ತಿದ್ದರೆ ಲ್ಯಾಂಗ್ವೇಜ್ ಮೆನುವಿನಲ್ಲಿ ನಾರ್ಮಲ್ ಟೆಕ್ಸ್ಟ್ ಆರಿಸಿ ನೋಡಿ. ಅಕ್ಷರದ ನಡುವೆ ಬಣ್ಣ ಬದಲಾದರೆ ಒತ್ತು ಕೂಡಿಕೊಳ್ಳುವುದಿಲ್ಲ.

ನನಗೆ ಈ ಸಾಫ್ಟ್‌ವೇರ್ ಇಷ್ಟವಾಗಿದ್ದು ಮುಂದಿನ ಕೆಲಸಕ್ಕೆ. ಕಣ್ಣಿಗೆ ಎಲ್ಲ ಸರಿ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಸದಸ್ಯರ ಪಟ್ಟಿಯಲ್ಲಿ ‘ಹೊಸನಗರ’ ಅಂತ ಹುಡುಕಿದೆ, ಕಣ್ಣೆದುರೇ ಇರುವ ಹಲವು ಸಾಲುಗಳನ್ನು ಬಿಟ್ಟು ಮುಂದೆ ಓಡಿತು. ಕಾರಣ, ‘ಹೊ’ ಬರೆಯುವುದಕ್ಕೆ ಯುನಿಕೋಡ್‌ನಲ್ಲಿ ಎರಡು ದಾರಿ ಇದೆ. ಓತ್ವದ ಒಂದೇ ಚಿಹ್ನೆ ಹಾಕಬಹುದು, ಅಥವಾ ಏತ್ವ ಹಾಕಿ ಅದರ ಮೇಲೆ ಕೊಂಬಿನ ಇಳಿ ಹಾಕಬಹುದು. ಪರದೆ ಮೇಲೆ ಎರಡೂ ಒಂದೇ. ಗೊತ್ತು ಮಾಡುವುದು ಸುಲಭ: ‘ಹೊ’ ಆದ ಮೇಲೆ ಕರ್ಸರ್ ಇಟ್ಟು ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿ. ‘ಹ’ ಉಳಿದರೆ ಸರಿ, ‘ಹೆ’ ಉಳಿದರೆ ತುಂಡು ತುಂಡಾಗಿ ಬರೆದದ್ದು. ‘ತೀರ್ಥಹಳ್ಳಿ’ಯ ‘ತೀ’ಗೂ ಇದೇ ಕಥೆ, ಗುಡಿಸು ಬೇರೆ, ದೀರ್ಘ ಬೇರೆ ಆಗಿ ಕೂತಿರಬಹುದು. ಫೈಂಡ್-ರಿಪ್ಲೇಸ್‌ನಲ್ಲಿ ತುಂಡುಗಳನ್ನು ಕೊಟ್ಟು ಒಂದೇ ಚಿಹ್ನೆ ಮಾಡಿಸಿದರೆ ಮುಗಿಯಿತು. ಸೊನ್ನೆಯದ್ದು ಇನ್ನೊಂದು ತರಲೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಒತ್ತಿದವರು ಬೇಕಾದಷ್ಟಿದ್ದಾರೆ. ‘ಆಗುಂಬೆ’ ಮತ್ತು ‘ಆಗು೦ಬೆ’ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ಕಂಡರೆ ನಿಮ್ಮ ಕಣ್ಣು ನನ್ನದಕ್ಕಿಂತ ಚೆನ್ನಾಗಿದೆ.

ಆಮೇಲೆ ಕಾಣದ ಅಕ್ಷರಗಳು. ‘ಸಾಫ್ಟ್‌ವೇರ್’ ಅನ್ನುವಾಗ ವ ಒತ್ತಾಗದೆ ಬಿಡಿಯಾಗಿ ನಿಲ್ಲಬೇಕಾದರೆ ನಡುವೆ ಒಂದು ಕಾಣದ ತಡೆ ಬೇಕು. ‘ರ‍್ಯಾಂಕ್’ನಲ್ಲಿ ಅರ್ಕಾವೊತ್ತು ಬರಬಾರದು ಅಂದರೆ ರ ಆದ ಮೇಲೆ ಇನ್ನೊಂದು ಬಗೆಯ ಕಾಣದ ಕೊಂಡಿ ಬೇಕು. ಇವು ಕಾಪಿ ಮಾಡುವಾಗ ಎಲ್ಲೋ ಉದುರುತ್ತವೆ, ಅಥವಾ ಬೇಡದಲ್ಲಿ ಬಂದು ಸೇರುತ್ತವೆ. ವ್ಯೂ ಮೆನುವಿನ ಶೋ ಸಿಂಬಲ್‌ನಲ್ಲಿ ನಾನ್-ಪ್ರಿಂಟಿಂಗ್ ಕ್ಯಾರೆಕ್ಟರ್ಸ್ ಆನ್ ಮಾಡಿದರೆ ಇವೆಲ್ಲ ಸಣ್ಣ ಚೀಟಿಗಳ ಹಾಗೆ ಕಾಣುತ್ತವೆ. ಈ ಸೌಲಭ್ಯ ಹೊಸ ಆವೃತ್ತಿಗಳಲ್ಲಿ ಮಾತ್ರ ಇದೆ, ಹಾಗಾಗಿ ಅಪ್‌ಡೇಟ್ ಮಾಡಿಕೊಳ್ಳಿ. ಅದು ಆನ್ ಇರುವಾಗ ‘ರ‍್ಯಾ’ ಒಡೆದು ಕಂಡರೆ ಗಾಬರಿ ಬೇಡ, ಆಫ್ ಮಾಡಿದರೆ ಕೂಡಿಕೊಳ್ಳುತ್ತದೆ.

ದೂರುಗಳೂ ಇವೆ. ಕನ್ನಡದ ಅಕ್ಷರಗಳು ಒಂದೇ ಅಗಲ ಇರುವುದಿಲ್ಲವಲ್ಲ, ಹಾಗಾಗಿ ಸ್ಪೇಸ್ ಹಾಕಿ ಕಾಲಂ ಜೋಡಿಸುವುದು ಆಗದ ಮಾತು. ಗೊರಬಲು ಸಾಲಿನ ರೇಟು ಒಂದು ಕಡೆ, ರಾಶಿಯ ರೇಟು ಇನ್ನೊಂದು ಕಡೆ. ಧಾರಣೆ ಪಟ್ಟಿಯನ್ನು ಟ್ಯಾಬ್ ಹಾಕಿ ಇಡಿ, ಕೊನೆಗೆ ಎಕ್ಸೆಲ್‌ಗೆ ಒಯ್ಯಿರಿ. ಕನ್ನಡದ ಸ್ಪೆಲ್‌ಚೆಕ್ ಜೊತೆಗೆ ಬರುವುದಿಲ್ಲ. ದೊಡ್ಡ ಲೇಖನ ಬರೆಯುವವರು ಲಿಬ್ರೆಆಫೀಸ್‌ನಲ್ಲೇ ಬರೆಯುವುದು ವಾಸಿ. ಇಷ್ಟೇ ಕೆಲಸಕ್ಕೆ ವಿಂಡೋಸ್‌ನ ಮಾಮೂಲಿ ನೋಟ್‌ಪ್ಯಾಡ್ ಸಾಲದಾ ಅಂದರೆ, 2019ರ ಅಪ್‌ಡೇಟಿನಿಂದ ಅದೂ ಯುಟಿಎಫ್-8ರಲ್ಲೇ ಸೇವ್ ಮಾಡುತ್ತದೆ, ನೋಟಿಸು ಬರೆಯುವುದಕ್ಕೆ ಧಾರಾಳ ಸಾಕು. ಆದರೆ ಕೆಟ್ಟ ಫೈಲ್ ಕೈಗೆ ಬಂದಾಗ ಅದರಲ್ಲಿ ಕಾಣದ ಅಕ್ಷರ ಹುಡುಕುವುದು ಕಷ್ಟ.

ಪ್ರಿಂಟ್ ಅಂಗಡಿಗೆ ಈಗ ಟೆಕ್ಸ್ಟ್ ಫೈಲಿನ ಜೊತೆ ಒಂದು ಪಿಡಿಎಫ್ ಕೂಡ ಕಳಿಸುತ್ತೇನೆ. ಫಾಂಟ್ ಅದರೊಳಗೇ ಕೂತಿರುತ್ತದೆ, ಅವರ ಕಂಪ್ಯೂಟರ್ ಎಷ್ಟು ಹಳೆಯದಿದ್ದರೂ ಹೋಲಿಸಿ ನೋಡಬಹುದು.